ಅಪ್ಪನ ಫೋನ್ ದನಿ

ನಮ್ಮಪ್ಪನಿಗೆ ಎರಡು ದನಿ. ಒಂದು ಮನೆಯದು, ಇನ್ನೊಂದು ಫೋನಿನದು.

ಮನೆಯ ದನಿಗೆ ಎಪ್ಪತ್ತೆಂಟು ವರ್ಷ. ಅದು ಕೆಮ್ಮುತ್ತದೆ, ಗೊಣಗುತ್ತದೆ, ಕನ್ನಡಕ ಎಲ್ಲಿಟ್ಟೆ ಎಂದು ಕೇಳಿ ಉತ್ತರ ಬರುವ ಮೊದಲೇ ತೂಕಡಿಸುತ್ತದೆ. ಫೋನಿನ ದನಿಗೆ ಮಾತ್ರ ಇವತ್ತಿಗೂ ಮೂವತ್ತರ ಹರೆಯ. ಫೋನು ಕಿವಿಗೆ ತಾಗಿದರೆ ಸಾಕು, ಅಪ್ಪನ ಬೆನ್ನು ನೆಟ್ಟಗಾಗುತ್ತದೆ, ಗಲ್ಲ ಮೇಲೇಳುತ್ತದೆ, ಒಂದೊಂದು ಅಕ್ಷರವೂ ಇಸ್ತ್ರಿ ಮಾಡಿದ ಹಾಗೆ ಹೊರಬರುತ್ತದೆ. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು ಅವರು. ಅವರು ಕೆಲಸ ಬಿಟ್ಟು ಇಪ್ಪತ್ತು ವರ್ಷವಾಯಿತು, ಕೆಲಸ ಅವರನ್ನು ಬಿಟ್ಟಿಲ್ಲ.

ಎಂಟು ವರ್ಷದವಳಿದ್ದಾಗ ಒಮ್ಮೆ ಊಟದ ಡಬ್ಬಿ ಕೊಡಲು ನಾನು ಅಲ್ಲಿಗೆ ಹೋಗಿದ್ದೆ. ಗೋಡೆಯಗಲದ ಹಲಗೆ, ಅದರ ತುಂಬ ತೂತುಗಳು, ತೂತಿಗೊಂದು ಪುಟ್ಟ ದೀಪ. ದೀಪ ಮಿನುಗಿದ ಕಡೆ ಅಪ್ಪನ ಕೈ ಹೋಗುತ್ತಿತ್ತು, ಒಂದು ವೈರು ಎಳೆದು ಇನ್ನೊಂದು ತೂತಿಗೆ ಚುಚ್ಚುತ್ತಿತ್ತು. ಅಷ್ಟೇ, ಎಲ್ಲೋ ದೂರದಲ್ಲಿ ಇಬ್ಬರು ಮಾತಾಡತೊಡಗುತ್ತಿದ್ದರು. ಯಾರಿಗೋ ಮಗು ಹುಟ್ಟಿತು, ಯಾರಿಗೋ ಕೆಲಸ ಸಿಕ್ಕಿತು, ಯಾರದೋ ಮನೆಯಲ್ಲಿ ಸಾವು. ಎಲ್ಲವೂ ನಮ್ಮಪ್ಪನ ಬೆರಳು ದಾಟಿಯೇ ಹೋಗಬೇಕು! ಡಬ್ಬಿ ಕೊಡುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಕೊನೆಗೆ ಪಕ್ಕದ ಆಪರೇಟರೇ ಎದ್ದು ಬಂದು ನನ್ನ ಕೈಯಿಂದ ಡಬ್ಬಿ ಇಸಕೊಂಡರು.

ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ತೀರಿಕೊಂಡ ಸುದ್ದಿಯೂ ಅದೇ ಹಲಗೆಗೆ ಬಂತು. ಅಪ್ಪ "ತಿಳಿಯಿತು, ಧನ್ಯವಾದ" ಎಂದು ಹೇಳಿ, ಮುಂದಿನ ದೀಪಕ್ಕೆ ಕೈ ಹಾಕಿ, ಪಾಳಿ ಮುಗಿಯುವವರೆಗೂ ಕೂತಿದ್ದರಂತೆ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲಿಲ್ಲವಂತೆ. "ಆಪರೇಟರಿಗೆ ಸ್ವಂತ ಸುದ್ದಿ ಅಂತ ಇರಲ್ಲ ಕಣಮ್ಮ" ಎನ್ನುತ್ತಿದ್ದರು. ಆಗ ಅದು ನನಗೆ ಬಹಳ ದೊಡ್ಡ ಮಾತು ಅನ್ನಿಸಿತ್ತು. ಈ ವರ್ಷ ಅದೇ ಮಾತು ಅವರ ಪ್ರಾಣಕ್ಕೆ ಕುತ್ತು ತರುವುದರಲ್ಲಿತ್ತು.

ಶುರುವಾದದ್ದು ಒಣ ಕೆಮ್ಮಿನಿಂದ. ಆಮೇಲೆ ಊಟ ಕಡಿಮೆಯಾಯಿತು. ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಅಲ್ಲಿಂದ ಒಳಮನೆಗೆ ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲು ಹತ್ತಲು ಅಪ್ಪ ನಡುವೆ ನಿಂತು ಗೋಡೆ ಹಿಡಿಯತೊಡಗಿದಾಗ ನನಗೆ ದಿಗಿಲು ಹತ್ತಿತು.

ಹಿಂದೆ ನಮ್ಮ ಹಳೇ ಡಾಕ್ಟರಿದ್ದಾಗ ಬಾಗಿಲು ತಳ್ಳಿಕೊಂಡು ಹೋದರೆ ಆಯಿತು. ಬೆಂಚಿನ ಮೇಲೆ ಕೂತು ಅಕ್ಕಪಕ್ಕದವರ ಕಾಯಿಲೆಯನ್ನೆಲ್ಲ ಕೇಳಿ ಮುಗಿಸುವಷ್ಟರಲ್ಲಿ ನಮ್ಮದು ಅರ್ಧ ವಾಸಿಯಾಗಿರುತ್ತಿತ್ತು. ಅವರು ನಿವೃತ್ತರಾದ ಮೇಲೆ ಕ್ಲಿನಿಕ್ಕಿಗೆ ಗಾಜಿನ ಕೌಂಟರು ಬಂತು, ಗಾಜಿನ ಜೊತೆಗೆ ನಿಯಮ ಬಂತು. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಬೇಕು. ಎಂಟೂ ಹತ್ತಕ್ಕೆ ಆ ದಿನದ ಸರದಿ ಖಾಲಿ. ಪುಣ್ಯವಿದ್ದು ಸಿಕ್ಕರೂ ಸಿಗುವುದು ಡಾಕ್ಟರಲ್ಲ, ಡಾಕ್ಟರ ಫೋನು. ಹತ್ತರಿಂದ ಒಂದರೊಳಗೆ ಅವರೇ ಕರೆ ಮಾಡಿ ವಿಚಾರಿಸುತ್ತಾರೆ, ಅಗತ್ಯ ಅನ್ನಿಸಿದರೆ ಮಾತ್ರ ಎದುರಿಗೆ ಕರೆಸಿಕೊಳ್ಳುತ್ತಾರೆ. ಕಾಯಿಲೆಯನ್ನು ಕಿವಿಯಲ್ಲಿ ನೋಡುತ್ತಾರಂತೆ! ನಾನೂ ಹಾಗಾದರೆ ಗಿರಾಕಿಗಳನ್ನು ಫೋನಿನಲ್ಲೇ ಅಳೆದು ಕೋಟು ಹೊಲಿದುಬಿಡಲೇ?

ಹನ್ನೊಂದು ದಿನ ಬೆಳಿಗ್ಗೆ ನಾನು ಕತ್ತು ವಾಲಿಸಿ ಭುಜಕ್ಕೆ ಫೋನು ಒತ್ತಿಕೊಂಡು ಕಾಜಾ ಹೊಲಿದಿದ್ದೇನೆ. "ನಿಮ್ಮ ಸರದಿ ಮೂವತ್ತೊಂದು" ಎಂದು ಯಂತ್ರ ಹೇಳುತ್ತಿತ್ತು, ಆಮೇಲೆ ಒಂದು ಪಿಟೀಲು ಕುಯ್ಯೋ ಎನ್ನುತ್ತಿತ್ತು. ಸಿಟ್ಟಿನ ಭರದಲ್ಲಿ ಒಬ್ಬರ ಪ್ಯಾಂಟಿನ ಎರಡು ಕಾಲನ್ನೂ ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟಿದ್ದೆ. ಹನ್ನೆರಡನೆಯ ದಿನ ಸರದಿ ಸಿಕ್ಕಿತು. ಹನ್ನೊಂದೂವರೆಗೆ ಡಾಕ್ಟರಮ್ಮ ಫೋನ್ ಮಾಡಿದರು. ಎಳೆಯ ದನಿ. ನಾನು ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪನ ಕೈಗೆ ಕೊಟ್ಟೆ.

"ನಮಸ್ಕಾರ ಡಾಕ್ಟರ್, ಹೇಳಿ" ಎಂದರು ಅಪ್ಪ. ಬಂದೇಬಿಟ್ಟಿತು ಆ ದನಿ!

"ಉಸಿರಾಟ ಹೇಗಿದೆ ತಾತ?"

"ವಯಸ್ಸಿಗೆ ತಕ್ಕ ಹಾಗೆ, ಚೆನ್ನಾಗೇ ಇದೆ."

"ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ಹತ್ತೋದನ್ನೇ ಕಡಿಮೆ ಮಾಡಿದೀನಿ."

ಆ ಹುಡುಗಿ ನಕ್ಕಳು. ಕೆಮ್ಮಿಗೊಂದು ಸಿರಪ್ಪು ಬರೆದು ಕಳಿಸುತ್ತೇನೆ ಎಂದಳು. ಫೋನ್ ಇಟ್ಟ ಮರುಕ್ಷಣ ಅಪ್ಪ ಕಟಿಂಗ್ ಟೇಬಲ್ಲಿನ ಮೇಲೆ ಎರಡೂ ಕೈ ಊರಿ ಐದು ನಿಮಿಷ ಬಾಯಲ್ಲಿ ಉಸಿರೆಳೆದರು. ತಲೆ ತಲೆ ಚಚ್ಚಿಕೊಳ್ಳುವ ಹಾಗಾಯಿತು ನನಗೆ.

"ಏನಪ್ಪಾ ಇದು? ನಿಜ ಹೇಳೋಕೆ ನಿಮಗೇನು ಕಷ್ಟ?"

"ಸುಳ್ಳೇನ್ ಹೇಳಿದೆ? ಪಾಪ, ಡ್ಯೂಟಿ ಮೇಲಿದ್ದಾರೆ. ಲೈನ್ ಹಿಡ್ಕೊಂಡು... ಗೋಳಾಡ್ತಾ... ಕೂರೋಕಾಗುತ್ತಾ?"

ಎರಡನೆಯ ಸಲ ನಾನೇ ಮಾತಾಡಿದೆ. ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದೆ. "ಸರಿ, ಅವರಿಗೇ ಕೊಡಿ" ಎಂದರು ಡಾಕ್ಟರಮ್ಮ. ಕೊಟ್ಟೆ. ಕತೆ ಮತ್ತೆ ಅದೇ. ಈ ಸಲ ಅವರು ಅಪ್ಪನ ದನಿಯನ್ನು ಹೊಗಳಿದರು ಕೂಡ. ಅಪ್ಪ ಸಂಕೋಚದಿಂದ ಕೆಂಪಾದರು.

ತಮ್ಮನದು ಇನ್ನೊಂದು ತರಲೆ. ಅವನು ಬಸ್ ಡ್ರೈವರ್, ಭಾನುವಾರ ಭಾನುವಾರ ಫೋನ್ ಮಾಡುತ್ತಾನೆ. "ಅಕ್ಕಾ, ನೀನು ಸುಮ್ಸುಮ್ನೆ ಗಾಬರಿ ಬೀಳ್ತೀಯ. ಅಪ್ಪನ ದನಿ ಕೇಳು, ನನಗಿಂತ ಗಟ್ಟಿ."

"ದನಿ ಗಟ್ಟಿ ಕಣೋ, ಮನುಷ್ಯ ಸವೀತಾ ಇದಾರೆ. ಫೋನ್ ಇಟ್ಟು ಕಣ್ಣಲ್ಲಿ ನೋಡು ಬಾ" ಎಂದು ಬೈದೆ. ಬಂದ. ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ. "ಸರಿಯಾಗೇ ಇದಾರಲ್ಲೇ, ಷರ್ಟ್ ಎಷ್ಟು ಚೆನ್ನಾಗಿ ಕೂತಿದೆ" ಎಂದ.

ಷರ್ಟು ಚೆನ್ನಾಗಿ ಕೂತದ್ದು ಯಾಕೆಂದು ನನಗೊಬ್ಬಳಿಗೇ ಗೊತ್ತಿತ್ತು. ಅಪ್ಪನ ಬಟ್ಟೆಯೆಲ್ಲ ನನ್ನ ಕೈಯದೇ. ಷರ್ಟು ಸಡಿಲವಾದಾಗಲೆಲ್ಲ ಪಕ್ಕದ ಹೊಲಿಗೆ ಬಿಚ್ಚಿ ಒಳಕ್ಕೆ ಹಿಡಿದಿದ್ದೆ, ಕಾಲರು ಸಣ್ಣ ಮಾಡಿದ್ದೆ. ಬಲಭುಜ ವಾಲಿದೆ, ವಯಸ್ಸಾಯಿತು ಎಂದುಕೊಂಡು ಅಲ್ಲೊಂದು ತೆಳು ಪ್ಯಾಡ್ ಕೊಟ್ಟು ಎರಡೂ ಭುಜ ಸಮ ಮಾಡಿದ್ದೆ. ಸಡಿಲ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಾಲ್ಕು ತಿಂಗಳು ನಮ್ಮಪ್ಪನ ಮೈ ಕರಗುವುದನ್ನು ನಾನೇ ಊರಿಗೆಲ್ಲ ಕಾಣದ ಹಾಗೆ ಮುಚ್ಚಿಕೊಂಡು ಬಂದಿದ್ದೆ. ಅವರು ದನಿಯಲ್ಲಿ ಮುಚ್ಚಿದರು, ನಾನು ದಾರದಲ್ಲಿ ಮುಚ್ಚಿದೆ. ಅವತ್ತು ತಮ್ಮ ಹೋದ ಮೇಲೆ ಒಳಗೆ ಹೋಗಿ ಅತ್ತೆ.

ಮರುದಿನ ನೇರ ಕ್ಲಿನಿಕ್ಕಿಗೇ ನುಗ್ಗಿದೆ. ಗಾಜಿನ ಹಿಂದೆ ಒಬ್ಬಾಕೆ, ನಾನು ಮನಸ್ಸಿನಲ್ಲೇ ಗಾಜಿನಮ್ಮ ಎಂದು ಹೆಸರಿಟ್ಟಾಕೆ.

"ಅಪಾಯಿಂಟ್‌ಮೆಂಟ್ ಫೋನಲ್ಲೇ ತಗೋಬೇಕು ಮೇಡಂ."

"ನಾನು ನಿಮ್ಮ ಮುಂದೆ ನಿಂತಿದೀನಲ್ಲ ತಾಯಿ. ಕಾಣ್ತಿದೀನಾ?"

"ಕಾಣ್ತಿದೀರಿ. ಆದ್ರೂ ಫೋನಲ್ಲೇ."

ಅಲ್ಲೇ ನಿಂತು ಫೋನ್ ಹಚ್ಚಿದೆ. ಆಕೆಯ ಮೊಣಕೈ ಪಕ್ಕದ ಫೋನು ರಿಂಗಾಯಿತು. ನನ್ನ ಕಿವಿಯಲ್ಲಿ ಪಿಟೀಲು. ಆಕೆ ನನ್ನನ್ನು ನೋಡಿದಳು, ನಾನು ಆಕೆಯನ್ನು ನೋಡಿದೆ. ಹಿಂದೆ ಕಾಲಿಗೆ ಕಟ್ಟು ಕಟ್ಟಿಸಿಕೊಂಡು ಕೂತಿದ್ದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ಗಾಜಿನಮ್ಮನಿಗೂ ನಗು ತಡೆಯಲಾಗಲಿಲ್ಲ ಅಂತ ಕಾಣುತ್ತದೆ, ತುಟಿ ಕಚ್ಚಿಕೊಂಡು ಫೋನ್ ಎತ್ತಿ, "ಗುರುವಾರ, ಹತ್ತರಿಂದ ಒಂದರೊಳಗೆ ಡಾಕ್ಟರೇ ಕರೆ ಮಾಡ್ತಾರೆ" ಎಂದಳು. ಗಾಜಿನಾಚೆಯಿಂದಲೂ ಫೋನಿನಿಂದಲೂ ಒಟ್ಟಿಗೇ ಕೇಳಿಸಿತು. ಇನ್ನೂ ಒಂದು ಫೋನು! ಪಿತ್ತ ನೆತ್ತಿಗೇರಿತು. ಆದರೆ ಮನೆಗೆ ನಡೆದು ಬರುವಾಗ ತಲೆ ಓಡತೊಡಗಿತು. ಅವರು ಕಿವಿಯಲ್ಲೇ ನೋಡುವವರಾದರೆ, ನೋಡಲಿ. ಆದರೆ ಅಪ್ಪನ ಕೈಗೆ ಫೋನು ಸಿಗಕೂಡದು.

ಗುರುವಾರ ಹೊಸ ಷರ್ಟಿನ ನೆಪ ತೆಗೆದು ಅಪ್ಪನನ್ನು ಅಂಗಡಿಯಲ್ಲಿ ನಿಲ್ಲಿಸಿಕೊಂಡೆ. ಹತ್ತೂ ಮುಕ್ಕಾಲಿಗೆ ಫೋನು ಗುಂಯ್‌ಗುಟ್ಟಿತು. ಗೋಡೆಯ ಕಡೆ ತಿರುಗಿ ಪಿಸುಗುಟ್ಟಿದೆ. "ಡಾಕ್ಟರಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಐದು ನಿಮಿಷ ಮಾತಾಡಬೇಡಿ. ಫೋನ್ ಇಡಬೇಡಿ. ಸುಮ್ನೆ ಕೇಳಿಸ್ಕೊಳ್ಳಿ." ಉತ್ತರಕ್ಕೆ ಕಾಯದೆ ಫೋನನ್ನು ಏಪ್ರನ್ನಿನ ಜೇಬಿಗೆ ಇಳಿಬಿಟ್ಟೆ.

"ಯಾರದು?" ಎಂದರು ಅಪ್ಪ.

"ಬಟನ್ನಿನವನು. ಕೈ ಎತ್ತಿ." ಟೇಪು ಸುತ್ತಿದೆ. ಅಳತೆಯನ್ನು ಜೋರಾಗಿ ಹೇಳಿಕೊಂಡು ಬರೆಯುವುದು ನನ್ನ ಅಭ್ಯಾಸ. "ಎದೆ, ಮೂವತ್ತೈದೂವರೆ. ಉಸಿರು ತಗೊಳ್ಳಿ. ಪೂರ್ತಿ ತಗೊಳ್ಳಿ ಅಪ್ಪಾ."

"ಇಷ್ಟೇ... ಬರೋದು... ಕಣಮ್ಮ."

"ಮೂವತ್ತೈದು ಮುಕ್ಕಾಲು. ಅಪ್ಪಾ, ನನ್ನ ಕತ್ತರಿ ಒಳಗೇ ಬಿಟ್ಟು ಬಂದೆ, ಸ್ವಲ್ಪ ತಂದುಕೊಡ್ತೀರಾ?"

ಕತ್ತರಿ ನನ್ನ ಕಣ್ಣ ಮುಂದೆ ಬಟ್ಟೆಯ ಕೆಳಗೇ ಇತ್ತು. ಎಪ್ಪತ್ತೆಂಟರ ಹೆತ್ತ ಅಪ್ಪನನ್ನು ಬೇಕಂತಲೇ ಮೆಟ್ಟಿಲು ಹತ್ತಿಸಿದ ಪಾಪಿ ನಾನು. ಹಿಂದೆಯೇ ಹೋಗಿ ಜೇಬನ್ನು ಅವರ ಪಕ್ಕಕ್ಕೇ ಹಿಡಿದು ನಿಂತೆ. ಒಂದು ಮೆಟ್ಟಿಲು, ಗೋಡೆ. ಎರಡನೆಯದು, ಗೋಡೆ. ಫೋನಿನ ದನಿ ಎಲ್ಲೋ ಹೋಗಿತ್ತು, ಉಳಿದದ್ದು ಬರೀ ಉಸಿರು, ಎಳೆದರೂ ಬಾರದ ಉಸಿರು. ಮೂರನೆಯದು ಹತ್ತಿ ಅಲ್ಲೇ ಕುಸಿದು ಕೂತರು. "ಇರು... ತರ್ತೀನಿ... ಇರು" ಎಂದರು.

ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಫೋನು ತೆಗೆದೆ. "ಇದ್ದೀರಾ?"

"ಇದ್ದೀನಿ." ಆ ದನಿಯಲ್ಲಿ ನಗುವಿರಲಿಲ್ಲ. "ಎದೆ ಅಳತೆ ಮುಂಚೆ ಎಷ್ಟಿತ್ತು?"

"ಮೂವತ್ತೊಂಬತ್ತು. ನಾಲ್ಕು ತಿಂಗಳ ಹಿಂದೆ."

"ಮೂರು ಮೆಟ್ಟಿಲಿಗೆ ಹದಿನೇಳು ಸಲ ಉಸಿರು ತಗೊಂಡ್ರು. ಈಗಲೇ ಕರ್ಕೊಂಡು ಬನ್ನಿ. ನಡೆಸಬೇಡಿ, ಗಾಡಿ ಮಾಡ್ಕೊಳ್ಳಿ. ಕೌಂಟರಿನಲ್ಲಿ ನಿಲ್ಲಬೇಡಿ, ನಾನೇ ಬಾಗಿಲಲ್ಲಿರ್ತೀನಿ."

ಹದಿನೇಳು! ಬಟ್ಟೆಯ ಜೇಬಿನೊಳಗಿಂದ, ನನ್ನ ಎದೆ ಬಡಿತದ ನಡುವೆಯೂ ಎಣಿಸಿದ್ದರು. ಪಕ್ಕದಲ್ಲೇ ನಿಂತ ನಾನು ಎಣಿಸಿರಲಿಲ್ಲ.

ಹೇಳಿದ ಹಾಗೆ ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ನಾನು ಇಷ್ಟು ದಿನ ಹಿಡಿಶಾಪ ಹಾಕಿದ್ದು ಈ ಪುಟ್ಟ ಹೆಂಗಸಿಗೇ? ನನ್ನ ಭುಜಕ್ಕೆ ಬರುವಷ್ಟು ಎತ್ತರ, ಒಂದು ಷೂವಿನ ದಾರ ಬಿಚ್ಚಿಹೋಗಿತ್ತು. ಕಣ್ಣು ನೋಡಿದರೆ ಎಷ್ಟೋ ದಿನದಿಂದ ನಿದ್ದೆಯಿಲ್ಲ. ಎರಡು ಖಾರದ ಮಾತು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಬಂದಿದ್ದೆ. ಆಕೆ ಅಪ್ಪನ ಕೈ ಹಿಡಿದು ಗಾಡಿಯಿಂದ ಇಳಿಸಿಕೊಳ್ಳುತ್ತ, "ಎರಡು ಸಲ ನಿಮ್ಮ ದನಿಗೆ ಮೋಸ ಹೋದೆ ತಾತ, ತಪ್ಪು ನಂದೇ" ಎಂದರು. ಮಾತು ನುಂಗಿಕೊಂಡೆ.

ಕೋಣೆ ಚಿಕ್ಕದು. ಒಂದು ಮಂಚ, ಒಂದು ಸ್ಟೂಲು, ಒಂದು ಕಿಟಕಿ. ಅಪ್ಪನ ಷರ್ಟು ಬಿಚ್ಚಿಸಿದರು. ನನ್ನ ಕೈಯ ಹೊಲಿಗೆಯಿಂದ ಅಪ್ಪ ಹೊರಬಂದಾಗ ನಾನು ಮುಖ ತಿರುಗಿಸಿದೆ, ಪಕ್ಕೆಲುಬು ಒಂದೊಂದೂ ಎಣಿಸಬಹುದಿತ್ತು. ಡಾಕ್ಟರಮ್ಮ ತಿರುಗಿಸಲಿಲ್ಲ. ಯಂತ್ರ ಗಿಂತ್ರ ಏನೂ ತೆಗೆಯಲಿಲ್ಲ. ಸ್ಟೂಲು ಹಿಂದಕ್ಕೆಳೆದು ಕೂತು ಸುಮ್ಮನೆ ಅಪ್ಪನ ಬೆನ್ನನ್ನು ನೋಡಿದರು. ಒಂದು ನಿಮಿಷವಾದರೂ ನೋಡಿರಬೇಕು. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಅಷ್ಟು ಗಮನವಿಟ್ಟು ನೋಡುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಉಸಿರೆಳೆದಾಗ ಎಡಗಡೆ ಏಳ್ತಿದೆ, ಬಲಗಡೆ ಏಳ್ತಿಲ್ಲ" ಎಂದರು ತಮ್ಮಷ್ಟಕ್ಕೇ. ನಾನು ಪ್ಯಾಡ್ ಕೊಟ್ಟು ಸಮ ಮಾಡಿದ್ದ ಕಡೆ ಅದು.

ಆಮೇಲೆ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಅಪ್ಪನ ಬೆನ್ನಿನ ಮೇಲಿಟ್ಟರು. "ತಾತ, ಫೋನಲ್ಲಿ ಮಾತಾಡೋ ಹಾಗೆ ಹೇಳಿ. ಒಂದು, ಒಂದು, ಒಂದು. ನಿಲ್ಲಿಸಿ ಅನ್ನೋವರೆಗೂ."

ಅಪ್ಪ ಬೆನ್ನು ನೆಟ್ಟಗೆ ಮಾಡಿದರು. "ಒಂದು. ಒಂದು. ಒಂದು." ಅಬ್ಬಾ, ಆ ದನಿ! ಆ ಮೂಳೆಗೂಡಿನೊಳಗಿಂದ ಎದ್ದು ಕೋಣೆ ತುಂಬಿತು, ಕಿಟಕಿಯ ಗಾಜಿಗೆ ತಾಗಿತು. ಡಾಕ್ಟರಮ್ಮನ ಅಂಗೈಗಳು ಮೇಲಿಂದ ಕೆಳಕ್ಕೆ ಸರಿಯುತ್ತ ಬಂದವು, ಎಡಗಡೆ, ಬಲಗಡೆ, ಎಡಗಡೆ, ಬಲಗಡೆ. ಒಂದು ಕಡೆ ನಿಂತವು.

"ಇಲ್ಲಿ ಬನ್ನಿ" ಎಂದು ನನ್ನನ್ನು ಕರೆದು ನನ್ನ ಕೈ ಹಿಡಿದು ಎಡಗಡೆ ಇಟ್ಟರು. ಚರ್ಮದ ಕೆಳಗೆ ದನಿ ಗುಂಯ್ ಎನ್ನುತ್ತಿತ್ತು, ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟ ಹಾಗೆ. ಬಲಗಡೆ ಇಟ್ಟರು. ಏನೂ ಇಲ್ಲ. ಅಪ್ಪ ಅದೇ ಜೋರಿನಲ್ಲಿ ಒಂದು, ಒಂದು ಎನ್ನುತ್ತಲೇ ಇದ್ದಾರೆ, ನನ್ನ ಅಂಗೈ ಕೆಳಗೆ ಬರೀ ಮೌನ.

"ಇಲ್ಲಿಗೆ ನಿಮ್ಮ ದನಿ ಬರ್ತಾ ಇಲ್ಲ ತಾತ" ಎಂದರು ಡಾಕ್ಟರಮ್ಮ.

ಅಪ್ಪ ಎಣಿಕೆ ನಿಲ್ಲಿಸಿದರು. ಜಗತ್ತಿಗೆಲ್ಲ ದನಿ ಮುಟ್ಟಿಸಿದವರು. ಎಕ್ಸ್‌ಚೇಂಜಿನಲ್ಲಿ ಕೆಟ್ಟ ಲೈನಿನ ವಿಚಾರ ಮಾತಾಡುವವರ ಹಾಗೆ ಕೇಳಿದರು. "ಎಲ್ಲಿಂದ ಎಲ್ಲಿವರೆಗೆ ಕಟ್ಟಾಗಿದೆ?"

"ಇರಿ, ಹುಡುಕಿ ಹೇಳ್ತೀನಿ."

ಎಡಗೈಯ ನಡುಬೆರಳನ್ನು ಬೆನ್ನಿಗೆ ಒತ್ತಿ ಇಟ್ಟು, ಬಲಗೈಯ ಬೆರಳಿನಿಂದ ಅದರ ಮೇಲೆ ತಟ್ಟತೊಡಗಿದರು. ಮೇಲೆ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ಒಂದು ಬೆರಳಗಲ ಕೆಳಗೆ, ಆಗಲೂ ಖಾಲಿ ಡಬ್ಬಿ. ಇನ್ನೊಂದು ಬೆರಳಗಲ, ಸದ್ದು ತಟಕ್ಕನೆ ಸತ್ತಿತು, ತುಂಬಿದ ಡಬ್ಬಿ ತಟ್ಟಿದ ಹಾಗೆ. ನನಗೇ ಕೇಳಿಸಿತು! ಡಾಕ್ಟರಮ್ಮ ಬೆರಳು ಎತ್ತದೆ ಇನ್ನೊಂದು ಕೈಯಲ್ಲಿ ಪೆನ್ನಿಗಾಗಿ ತಡಕಾಡಿದರು. ನಾನು ಏಪ್ರನ್ ಬಿಚ್ಚುವುದನ್ನೂ ಮರೆತು ಬಂದಿದ್ದೆ. ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸ್ ತೆಗೆದು ಕೊಟ್ಟೆ. ತಟ್ಟುತ್ತ, ಕೇಳುತ್ತ, ಅಪ್ಪನ ಬೆನ್ನಿನ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದರು. ಎಷ್ಟು ನಯವಾದ ಗೆರೆ ಅಂತೀರಿ, ಮೂವತ್ತು ವರ್ಷ ಗೆರೆ ಎಳೆದ ನನ್ನ ಕೈಗೂ ಅಷ್ಟು ನಯ ಬಂದಿಲ್ಲ.

"ಇಲ್ಲಿವರೆಗೆ ನೀರು ತುಂಬಿದೆ. ಅದಕ್ಕೇ ಉಸಿರಿಗೆ ಜಾಗ ಇಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು, ನಾನೇ ಹೇಳಿ ಕಳಿಸ್ತೀನಿ."

ಆ ಬೆನ್ನನ್ನು ನಾನು ಎಷ್ಟು ಸಲ ಅಳೆದಿದ್ದೆನೋ! ಇಂಚು ಅರ್ಧ ಇಂಚು ಬಿಡದೆ ಗೊತ್ತು ಎಂದುಕೊಂಡಿದ್ದೆ. ನಾನು ಅಳೆದದ್ದು ಹೊರಗಿನ ಸುತ್ತಳತೆ ಮಾತ್ರ. ಬರಿಯ ಎರಡು ಬೆರಳು, ಎರಡು ಕಿವಿ, ಅಷ್ಟರಲ್ಲೇ ಆಕೆ ಒಳಗಿನ ಕೆರೆಯ ದಡ ಹಿಡಿದಿದ್ದರು. ಎಕ್ಸ್‌ಚೇಂಜಿನ ಹಲಗೆಯ ಮುಂದೆ ನಿಂತ ಎಂಟು ವರ್ಷದವಳ ಹಾಗೆ ಮತ್ತೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅದರ ಜೊತೆಗೇ ಸಿಟ್ಟೂ ಉಕ್ಕಿತು, ಯಾಕೆ ಸುಳ್ಳು ಹೇಳಲಿ. ಇಂಥ ಕೈಯನ್ನು ಇಟ್ಟುಕೊಂಡು ಇಡೀ ದಿನ ಫೋನು ಹಿಡಿಸುತ್ತಾರಲ್ಲ!

ಅದನ್ನು ಅಂದೂಬಿಟ್ಟೆ. ಡಾಕ್ಟರಮ್ಮ ಷೂವಿನ ದಾರ ಕಟ್ಟಿಕೊಳ್ಳುತ್ತ, "ನಾವಿರೋದು ಇಬ್ಬರು. ಇವತ್ತಿನ ಪಟ್ಟೀಲಿ ಇನ್ನೂ ನಲವತ್ತು ಫೋನ್ ಬಾಕಿ ಇದೆ" ಎಂದರು. ಆಮೇಲೆ ತಲೆಯೆತ್ತಿ, "ಅವರಲ್ಲಿ ಯಾರಿಗೆ ನಿಮ್ಮ ತಂದೆ ಥರ ದನಿ ಇದೆಯೋ ಅಂತ ಈಗ ಭಯ ಆಗ್ತಿದೆ" ಎಂದರು.

ದೊಡ್ಡಾಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರು. ಬಲಗಡೆ ಅರ್ಧಕ್ಕಿಂತ ಹೆಚ್ಚು ಬೆಳ್ಳಗಿತ್ತು. ಅಲ್ಲಿನ ಡಾಕ್ಟರು ಫೋಟೋ ನೋಡಿದರು, ಅಪ್ಪನ ಬೆನ್ನಿನ ನೀಲಿ ಗೆರೆ ನೋಡಿದರು, ಮತ್ತೆ ಫೋಟೋ ನೋಡಿದರು. "ಇದನ್ನ ಯಾರು ಹಾಕಿದ್ದು?" ಎಂದು ಕೇಳಿ, ಕೆಲಸ ಕಲಿಯುತ್ತಿದ್ದ ನಾಲ್ವರನ್ನು ಕರೆದು ತೋರಿಸಿದರು. ಅದೇ ಸಂಜೆ ಸೂಜಿ ಹಾಕಿ ಒಂದೂವರೆ ಲೀಟರ್ ನೀರು ತೆಗೆದರು. ನೀರು ಯಾಕೆ ತುಂಬಿತು ಎಂಬುದು ಪರೀಕ್ಷೆಯಿಂದಲೇ ಗೊತ್ತಾಗಬೇಕು, ಮೂರು ದಿನ ಕಾಯಿರಿ ಎಂದರು. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು.

ಮೂರನೆಯ ದಿನ ಮಧ್ಯಾಹ್ನ. ಬಾಕಿ ಬಿದ್ದ ಕೆಲಸ ಮುಗಿಸಿ ಸಂಜೆ ಹೋಗೋಣವೆಂದು ನಾನು ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದೆ. ಫೋನು ಬಂತು. ಆಸ್ಪತ್ರೆಯಿಂದ ಅಪ್ಪ.

"ಹಲೋ" ಎಂದರು. ಅದೇ ಇಸ್ತ್ರಿ ಮಾಡಿದ ದನಿ.

"ಹೇಗಿದೀರಪ್ಪಾ?"

"ನಾನು..." ಎಂದು ನಿಂತರು. ನಾನು 'ಚೆನ್ನಾಗಿದೀನಿ' ಎಂಬುದಕ್ಕೆ ಕಾಯುತ್ತಿದ್ದೆ. ಬರಲಿಲ್ಲ. ಆ ಕಡೆಯಿಂದ ಏನೋ ಕಳಚಿ ಬಿದ್ದ ಹಾಗಾಯಿತು. ಆಮೇಲೆ ಫೋನಿನಲ್ಲಿ ಯಾವತ್ತೂ ಕೇಳದಿದ್ದ ದನಿ ಕೇಳಿಸಿತು. ಮನೆಯ ದನಿ, ಎಪ್ಪತ್ತೆಂಟು ವರ್ಷದ್ದು. "ರಿಪೋರ್ಟ್ ಬಂದಿದೆಯಂತೆ ಕಣಮ್ಮ. ಡಾಕ್ಟರು ಈಗ ಬಂದು ಹೇಳ್ತಾರಂತೆ. ನನಗೆ... ನನಗೆ ಭಯ ಆಗ್ತಿದೆ ಕಣೇ. ಬರ್ತೀಯಾ?"

ಟೇಪು ಗಿರಾಕಿಯ ತೋಳಿನಲ್ಲೇ ಉಳಿಯಿತು.

"ಬಂದೆ ಅಪ್ಪಾ. ಫೋನ್ ಇಡಬೇಡಿ. ಮಾತಾಡೋದೂ ಬೇಡ, ಸುಮ್ನೆ ಹಿಡ್ಕೊಂಡಿರಿ."

ಇಡಲಿಲ್ಲ ಅವರು. ನಾನು ಏಪ್ರನ್ನಿನಲ್ಲೇ ರಸ್ತೆಗಿಳಿದೆ. ಓಡುವ ದಾರಿಯುದ್ದಕ್ಕೂ ಫೋನನ್ನು ಕಿವಿಗೆ ಒತ್ತಿಕೊಂಡು ಅಪ್ಪನ ಉಸಿರನ್ನು ಎಣಿಸುತ್ತಿದ್ದೆ.